ಅರಿವಿನ ಮೇಲೆ ತೂರಿದ ಕಲ್ಲು

ಅಲ್ಲಮನ 'ಅರಿವು' ಅಂದಕೂಡಲೇ ನಮ್ಮ ಪಂಡಿತರು ಕಣ್ಣು ಮುಚ್ಚಿಕೊಳ್ಳುತ್ತಾರೆ. ತನ್ನನ್ನು ತಾನು ಅರಿಯುವುದು ಮಾತಿಗೆ ಸಿಗದ ರಹಸ್ಯ ಅಂತಾರೆ. ಇರಬಹುದು. ನಾವು ಕಣ್ಣು ತೆರೆದುಕೊಂಡೇ 'ಶೂನ್ಯಸಂಪಾದನೆ' ಓದುತ್ತೇವೆ.

12ನೇ ಶತಮಾನದ ವಚನಗಳನ್ನು ಸಂವಾದವಾಗಿ ಮೊದಲು ಹೆಣೆದವನು 15ನೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಹಂಪಿಯಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲದ ಆಸುಪಾಸು. ಚಾಮರಸ ಅಲ್ಲಮನನ್ನೇ ನಾಯಕನನ್ನಾಗಿ ಮಾಡಿ 'ಪ್ರಭುಲಿಂಗಲೀಲೆ' ಬರೆದದ್ದೂ ಆಗಲೇ.

ಸೊನ್ನಲಿಗೆಯ ಪ್ರಸಂಗ ನೋಡಿ. ಸಿದ್ಧರಾಮ ಕೆರೆ ತೋಡಿಸುತ್ತಿದ್ದಾನೆ. ಅಲ್ಲಮ ಬಂದು ಅವನನ್ನು 'ಒಡ್ಡ' ಅಂತ ಹಂಗಿಸುತ್ತಾನೆ. ಕೆಲಸದ ಒಡ್ಡರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಪ್ರಭುವಿಗೆ ಒಂದೂ ತಾಕುವುದಿಲ್ಲ. ಆಮೇಲೆ ಸಿದ್ಧರಾಮನಿಗೆ ಅರಿವಾಗುತ್ತದೆ, ಕೆರೆ ಕಟ್ಟಿ ಪುಣ್ಯ ಎಣಿಸುವುದೂ ಅಹಂಕಾರವೇ ಅಂತ. ಮಾತು ಖರೆ. ಆದರೆ ಕಲ್ಲು ತೂರಿದವರು ಎಲ್ಲಿ ಹೋದರು? ಸಂವಾದದೊಳಗೆ ಅವರಿಗೆ ಬಾಯಿಲ್ಲ. ತಮ್ಮ ಜಾತಿಯ ಹೆಸರು ಬೈಗುಳವಾದಾಗ ಎದ್ದ ಸಿಟ್ಟು, ತಾವು ಯಾರೆಂಬ ಅರಿವಲ್ಲವೇನು? ಅದನ್ನು ಬರೀ ಅಜ್ಞಾನ ಅಂತ ಓದಿಕೊಂಡು ಬಂದಿದ್ದೇವೆ. (ಮದ್ದಳೆ ಬಾರಿಸಿದ ಅಲ್ಲಮನಿಗೆ ಇದು ತಿಳಿಯದ್ದೇನಲ್ಲ, ಕಥೆ ಕಟ್ಟಿದವರಿಗೆ ಬೇಕಿರಲಿಲ್ಲ ಅಂತ ನಮ್ಮ ಗುಮಾನಿ.)

ಹಂಪಿಯ ಬಂಡೆಗಳ ಮೇಲೆ ಬೆಣೆ ಹೊಡೆದ ತೂತುಗಳ ಸಾಲು ಇನ್ನೂ ಕಾಣುತ್ತದೆ. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಮುಗಿಯುವ ತನಕ ಕಲ್ಲು ಮಣ್ಣು ಹೊತ್ತವರು, ಸಂಡೂರಿನ ಗಣಿಯಲ್ಲಿ, ಕಂಪ್ಲಿಯ ಗದ್ದೆಯಲ್ಲಿ ಇವತ್ತಿಗೂ ದುಡಿಯುವವರು 'ನಾನು ಯಾರು' ಅಂತ ಕೇಳಿಕೊಳ್ಳಲಿಲ್ಲ ಅಂತ ಯಾರು ಹೇಳಿದರು? ಆ ಪ್ರಸಂಗವನ್ನು ಕಲ್ಲು ಹಿಡಿದವರ ಕಡೆಯಿಂದ ಓದಿ ಬರೆಯುವ ವಿಮರ್ಶಕ ನಮಗೆ ಬೇಕು.