ನಕ್ಷತ್ರ ಕಾಣುವ ಚಾವಣಿ

ಯಹೂದಿಗಳ ಸುಕ್ಕೋತ್ ಹಬ್ಬದ ಗುಡಿಸಲನ್ನು ನೆನೆದಾಗಲೆಲ್ಲ ಮನಸ್ಸು ಹಗುರಾಗುತ್ತದೆ. ಯಹೂದಿ ಪಂಚಾಂಗದ ತಿಶ್ರಿ ತಿಂಗಳ 15ಕ್ಕೆ ಹಬ್ಬ ಶುರು. ಈಜಿಪ್ಟಿನಿಂದ ಬಿಡುಗಡೆಗೊಂಡ ಹಿರಿಯರ ಮರುಭೂಮಿಯ ಬಾಳನ್ನು ನೆನೆದು, 7 ದಿನ ಅಂಗಳದ ಗುಡಿಸಲಲ್ಲಿ ಊಟ, ಹರಟೆ; ಕೆಲವರಿಗೆ ನಿದ್ದೆಯೂ ಅಲ್ಲೇ.

ಗೋಡೆ ಯಾವುದರದ್ದಾದರೂ ನಡೆದೀತು, ಚಾವಣಿ ಮಾತ್ರ ಹಾಗಲ್ಲ. ನೆಲದಲ್ಲಿ ಬೆಳೆದದ್ದನ್ನು ಕಡಿದು ತಂದೇ ಹೊದಿಸಬೇಕು: ಸೊಪ್ಪು, ಗರಿ, ಬಿದಿರು. ಬೇರೂರಿ ನಿಂತ ಬಳ್ಳಿಯನ್ನು ಹಬ್ಬಿಸಿದರೆ ಸಲ್ಲದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಸಂದಿನಲ್ಲಿ ನಕ್ಷತ್ರ ಇಣುಕಿದರೆ ಚೆನ್ನ. ಆಸರೆಯೂ ಬೇಕು, ಆಕಾಶವೂ ಬೇಕು. ಎಂಥ ಚೆಲುವಾದ ಅಳತೆ!

ಮಳೆ ಬಂದರೆ? ತಟ್ಟೆಯ ಗಂಜಿ ಕೆಡುವಷ್ಟು ಸುರಿದಾಗ ಮನೆಯೊಳಗೆ ಹೋಗಬಹುದು ಎನ್ನುತ್ತದೆ ಯಹೂದಿಗಳ ಶಾಸ್ತ್ರಗ್ರಂಥ ಮಿಶ್ನಾ. ಶಾಸ್ತ್ರ ಹಸಿದವನ ಪಕ್ಕದಲ್ಲೇ ಕೂತಿದೆ.