ಕಡಲನ್ನು ಮನೆಗೆ ತಂದ ಪುಸ್ತಕ

ಗ್ರಂಥವೊಂದನ್ನು ವಿಮರ್ಶಿಸುವಾಗ ಅದರ ಭಾಷೆ, ನಿರೂಪಣೆ, ವಿಷಯಸಂಪತ್ತುಗಳನ್ನು ಪರಿಶೀಲಿಸುವುದು ವಾಡಿಕೆ. ಅದನ್ನು ಓದಿ ಮುಗಿಸಿದ ಜನರು ಮುಂದೆ ಏನು ಮಾಡಿದರು ಎಂಬ ಪ್ರಶ್ನೆ ವಿಮರ್ಶೆಯ ಪರಿಧಿಯೊಳಗೆ ಬರುವುದು ಅಪರೂಪ. ಆದರೆ ಕೆಲವು ಗ್ರಂಥಗಳ ಮಟ್ಟಿಗೆ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಇಂಗ್ಲೆಂಡಿನ ಪ್ರಕೃತಿವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪ್ರಕಟಿಸಿದ 'ದಿ ಅಕ್ವೇರಿಯಂ' ಅಂಥದೊಂದು ಗ್ರಂಥ. ಸಮುದ್ರದ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಮನೆಯೊಳಗೆ ಸಾಕುವ ಹವ್ಯಾಸವನ್ನು ಜನಸಾಮಾನ್ಯರಿಗೆ ಕಲಿಸಿದ ಕೃತಿ ಅದು. 53 ವರ್ಷಗಳ ಬಳಿಕ, 1907ರಲ್ಲಿ, ಅವನ ಮಗ ಎಡ್ಮಂಡ್ ಗಾಸ್ ಮೊದಲು ತನ್ನ ಹೆಸರನ್ನೇ ಹಾಕದೆ ಪ್ರಕಟಿಸಿದ ಆತ್ಮಕಥನ 'ಫಾದರ್ ಅಂಡ್ ಸನ್' ಆ ಹವ್ಯಾಸದ ಪರಿಣಾಮಕ್ಕೆ ಸಾಕ್ಷಿ ನುಡಿಯಿತು. ತಂದೆಯ ಪುಸ್ತಕವನ್ನೂ ಮಗನ ಪುಸ್ತಕವನ್ನೂ ಜೊತೆಗಿಟ್ಟು ಓದುವವನನ್ನು ಕಾಡುವ ಪ್ರಶ್ನೆ ಒಂದೇ: ಜೀವವೊಂದನ್ನು ಮನಸಾರೆ ಮೆಚ್ಚಿದವನು ಆ ಜೀವಕ್ಕೆ ಎಷ್ಟು ಹಿಂಸೆ ಮಾಡಬಲ್ಲ?

ತಂದೆ ಗಾಸ್ ಹುಟ್ಟಿದ್ದು 1810ರಲ್ಲಿ. ಬಾಳಿನ ಪೂರ್ವಾರ್ಧದ ಹಲವು ವರ್ಷಗಳನ್ನು ನ್ಯೂಫೌಂಡ್‌ಲೆಂಡ್, ಅಲಬಾಮಾ, ಜಮೈಕಾಗಳಲ್ಲಿ ಕೀಟ ಪಕ್ಷಿಗಳ ಅಧ್ಯಯನದಲ್ಲಿ ಕಳೆದವನು. 1852ರಲ್ಲಿ ಆರೋಗ್ಯ ಕೆಟ್ಟಿತೆಂದು ಲಂಡನ್ ಬಿಟ್ಟು ಡೆವನ್ ಪ್ರಾಂತದ ಕಡಲತೀರಕ್ಕೆ ಬಂದನು. ಅಲ್ಲಿ ಸಮುದ್ರ ಇಳಿದಾಗ ಬಂಡೆಗಳ ನಡುವೆ ತಿಳಿನೀರಿನ ಹೊಂಡಗಳು ಉಳಿಯುತ್ತವೆ. ಆ ಹೊಂಡಗಳಲ್ಲಿ ಹೂವಿನಂತೆ ಅರಳಿ ಮುಚ್ಚುವ ಸೀ ಅನಿಮೋನ್ ಎಂಬ ಪ್ರಾಣಿಗಳು, ಬಟ್ಟಲಿನಾಕಾರದ ಸಣ್ಣ ಹವಳಗಳು, ಸೀಗಡಿ, ಏಡಿ, ಕಿರುಮೀನುಗಳು ವಾಸಿಸುತ್ತಿದ್ದವು. ಗಾಸ್ ಕಟ್ಟಾ ದೈವಭಕ್ತ. ಒಂದೊಂದು ಜೀವಿಯೂ ಸೃಷ್ಟಿಕರ್ತನ ಕೈಬರಹವೆಂದು ನಂಬಿದ್ದವನು. ಈ ಹೊಂಡಗಳ ಮುಂದೆ ಅವನು ಮೊಣಕಾಲೂರಿದ್ದು ವಿಜ್ಞಾನಿಯಾಗಿ ಮಾತ್ರವಲ್ಲ, ಭಕ್ತನಾಗಿಯೂ ಹೌದು.

ಸಮುದ್ರಜೀವಿಯನ್ನು ಮನೆಯಲ್ಲಿ ಸಾಕುವ ಪ್ರಯತ್ನ ಅವನಿಗಿಂತ ಹಿಂದೆಯೇ ನಡೆದಿತ್ತು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದಿದ್ದರು. ನಿಂತ ನೀರಿನಲ್ಲಿ ಅವು ಉಸಿರುಗಟ್ಟಿ ಸಾಯಬಾರದೆಂದು ಆಕೆಯ ಮನೆಯ ಕೆಲಸದಾಕೆ ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ಗಂಟೆ ಕಾಲ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಮನೆಯೊಳಗಿನ ಮೊದಲ ಹವಳದ ತೊಟ್ಟಿಗಳಲ್ಲೊಂದು ಹೀಗೆ ಮತ್ತೊಬ್ಬರ ರಟ್ಟೆಯ ಬಲದಿಂದ ಉಸಿರಾಡಿತು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ, ನೀರಿನ ಸಸ್ಯಗಳು ಬಿಡುವ ಆಮ್ಲಜನಕ ಜಲಚರಗಳನ್ನು ಬದುಕಿಸಬಲ್ಲುದೆಂದು ತೋರಿಸಿಕೊಟ್ಟನು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. ರೈಲುಬಂಡಿ ನಗರದ ಜನರನ್ನು ಕಡಲತೀರಕ್ಕೆ ಹೊತ್ತು ತರುತ್ತಿತ್ತು. 1853ರ ಮೇ ತಿಂಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸನೂ ಒಬ್ಬನು. ಕಟ್ಟಿಗೆ ಒಣಗಿತ್ತು, ಕಿಡಿಯೊಂದು ಬೇಕಿತ್ತು. 'ದಿ ಅಕ್ವೇರಿಯಂ' ಆ ಕಿಡಿಯಾಯಿತು.

ಪುಸ್ತಕದ ಗುಣವನ್ನು ಮೊದಲು ಹೇಳಬೇಕು. ಅದರ ಬಣ್ಣದ ಚಿತ್ರಗಳು ಅಂದಿನ ಓದುಗರ ಕಣ್ಣಿಗೆ ಹೊಸ ಲೋಕವೊಂದನ್ನೇ ತೆರೆದವು. ಗಾಸನ ಗದ್ಯವೂ ಚಿತ್ರದಷ್ಟೇ ನಿಖರ. ಸೀಗಡಿಯೊಂದು ತನ್ನ ಮೀಸೆಯನ್ನು ಆಡಿಸುವುದನ್ನು, ಅನಿಮೋನ್ ತನ್ನ ಎಸಳುಗಳನ್ನು ಒಳಸೆಳೆದುಕೊಳ್ಳುವುದನ್ನು ಅವನು ತಾಳ್ಮೆಯಿಂದ ನೋಡುತ್ತಾನೆ, ನೋಡಿದಷ್ಟನ್ನೇ ಬರೆಯುತ್ತಾನೆ. ಜನ ಕಲ್ಲೆಂದು ತುಳಿದು ಹೋಗುತ್ತಿದ್ದುದನ್ನು ಜೀವವೆಂದು ತೋರಿಸಿದ ಪುಣ್ಯ ಅವನದು. ಹವಳವನ್ನು ಪೃಥ್ವೀಕಾಯದ ಜೀವಗಳಲ್ಲಿ ಎಣಿಸಿದ ಪರಂಪರೆಗೆ ಸೇರಿದ ನಮಗೆ ಈ ದೃಷ್ಟಿ ಅಪರಿಚಿತವಲ್ಲ. ಇಂದಿನ ವಿಜ್ಞಾನ ಅದನ್ನು ಪ್ರಾಣಿಯೆಂದೇ ಗುರುತಿಸುತ್ತದೆ. ಈ ಲೇಖಕನೂ ಒಂದು ತಪ್ಪೊಪ್ಪಿಗೆಯನ್ನು ಇಲ್ಲಿ ಮಾಡಬೇಕು. ರಾತ್ರಿ ಈ ಪುಸ್ತಕವನ್ನು ಮುಚ್ಚಿಟ್ಟಾಗ, ಮನೆಯ ಮೂಲೆಯಲ್ಲಿ ಇಂಥದೊಂದು ತೊಟ್ಟಿ ಇದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ಕ್ಷಣಕಾಲ ಮನಸ್ಸಿನಲ್ಲಿ ಮೂಡಿದ್ದು ನಿಜ. ಪುಸ್ತಕದ ಶಕ್ತಿ ಅದು. ದೋಷದ ಮೂಲವೂ ಅಲ್ಲಿಯೇ ಇದೆ.

ಗಾಸನ ಬರಹದಲ್ಲಿ ಮೆಚ್ಚುಗೆಗೂ ಸಂಗ್ರಹಕ್ಕೂ ನಡುವೆ ಬಿಡುವೇ ಇಲ್ಲ. ಕಂಡದ್ದು ಸುಂದರವಾಗಿದ್ದರೆ ಮರುಕ್ಷಣವೇ ಸುತ್ತಿಗೆ, ಉಳಿ, ಜಾಡಿಗಳ ಮಾತು ಬರುತ್ತದೆ. ಅನಿಮೋನ್ ಬಂಡೆಯನ್ನು ಬಿಡದಿದ್ದರೆ ಬಂಡೆಯ ಚೂರನ್ನೇ ಒಡೆದು ತರಬೇಕು. 1855ರಲ್ಲಿ ಅವನು ಹೊರತಂದ ಕೈಪಿಡಿ ಈ ವಿಧಾನಗಳನ್ನು ಇನ್ನಷ್ಟು ಸುಲಭಗೊಳಿಸಿತು. ತೊಟ್ಟಿಯಲ್ಲಿ ಸತ್ತ ಪ್ರಾಣಿಯನ್ನು ನೀರು ಕೆಡುವ ಮೊದಲೇ ತೆಗೆದುಹಾಕಬೇಕೆಂಬ ಎಚ್ಚರಿಕೆ ಅವನಲ್ಲಿದೆ. ಅಲ್ಲಿ ಸಾವು ನೀರನ್ನು ಕೆಡಿಸುವ ತೊಡಕಾಗಿ ಕಾಣಿಸಿಕೊಳ್ಳುತ್ತದೆ. ಡೆವನ್ ತೀರದ ಬಗ್ಗೆ 1853ರಲ್ಲಿ ಬರೆದ ಪುಸ್ತಕದಲ್ಲಿ, ತಾನು ವರ್ಣಿಸಿದ ಅನಿಮೋನನ್ನೇ ಬೇಯಿಸಿ ತಿಂದು ನೋಡಿದ ಪ್ರಸಂಗವೂ ಇದೆ. ದೇವರ ಕೈಬರಹವೆಂದವನಿಗೆ ಆ ಬರಹವನ್ನು ಹರಿದು ತಂದು ಗೋಡೆಗೆ ಅಂಟಿಸುವುದರಲ್ಲಿ ಅಡ್ಡಿ ಕಾಣಲಿಲ್ಲ. ತನ್ನ ಒಂದು ಜಾಡಿಯಿಂದ ಕಡಲು ಬರಿದಾಗದೆಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಆದರೆ ಅವನು ಜಾಡಿಯ ಜೊತೆಗೆ ಪುಸ್ತಕವನ್ನೂ ತುಂಬಿಸಿದ್ದನು. ಅದನ್ನು ಓದಿದ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಜಾಡಿ ಬಂದಿತು.

ಮುಂದೆ ನಡೆದದ್ದನ್ನು ಮಗನಿಂದ ತಿಳಿಯಬೇಕು. 1849ರಲ್ಲಿ ಹುಟ್ಟಿದ ಎಡ್ಮಂಡ್, 1857ರಲ್ಲಿ ತಾಯಿಯನ್ನು ಕಳೆದುಕೊಂಡು ತಂದೆಯೊಡನೆ ಟಾರ್ಕೀ ಸಮೀಪದ ಸೇಂಟ್ ಮೇರಿಚರ್ಚಿಗೆ ಬಂದ ಬಾಲಕ. ತಂದೆ ಎದೆಮಟ್ಟದ ನೀರಿನಲ್ಲಿ ನಿಂತು ಬಂಡೆಯ ಸಂದುಗಳನ್ನು ಪರೀಕ್ಷಿಸುತ್ತಿದ್ದುದನ್ನೂ ತಾನು ಬಳಿಯಲ್ಲಿ ನಿಂತು ನೆರವಾಗುತ್ತಿದ್ದುದನ್ನೂ ಅವನು ಮನಮುಟ್ಟುವಂತೆ ವರ್ಣಿಸಿದ್ದಾನೆ. ಆ ವರ್ಣನೆಯ ತುದಿಯಲ್ಲಿ ಅವನ ದನಿ ಬದಲಾಗುತ್ತದೆ. ಶತಮಾನಗಳಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಆ ಹೊಂಡಗಳು ಈಗಿಲ್ಲ. ಸಂಗ್ರಾಹಕರ ದಂಡು ಮೂಲೆಮೂಲೆಯನ್ನೂ ಸೂರೆಗೈದು ಹೋಗಿದೆ ಎನ್ನುತ್ತಾನೆ. ತನ್ನ ಪುಸ್ತಕಗಳ ಜನಪ್ರಿಯತೆಯೇ ಈ ವಿನಾಶಕ್ಕೆ ನೇರ ಕಾರಣವೆಂಬುದು ತಂದೆಗೂ ಕೆಲವೇ ವರ್ಷಗಳಲ್ಲಿ ಅರಿವಾಯಿತು, ಅದರಿಂದ ಅವನು ಬಹಳ ನೊಂದುಕೊಂಡನು ಎಂದೂ ದಾಖಲಿಸುತ್ತಾನೆ. ಡಾರ್ವಿನ್ನನ ಸಿದ್ಧಾಂತವನ್ನು ಕಡೆಯವರೆಗೂ ಒಪ್ಪದ ತಂದೆಯ ಹೊಂಡಗಳ ಬಗ್ಗೆ ಮಗನು ಡಾರ್ವಿನ್ನನ ಪರಿಭಾಷೆಯಲ್ಲೇ ಶೋಕಿಸುವುದು ಆ ಮಾತಿನೊಳಗಿನ ಇನ್ನೊಂದು ನೋವು.

ಈ ಭಾಗವನ್ನು ಇಂಗ್ಲಿಷ್ ಗದ್ಯದ ಶ್ರೇಷ್ಠ ಶೋಕಗೀತೆಯಂತೆ ಓದುವವರಿದ್ದಾರೆ. ಅದರ ಸೊಬಗನ್ನು ಒಪ್ಪಿಯೂ ಎರಡು ಆಕ್ಷೇಪಗಳನ್ನು ಎತ್ತಬೇಕಾಗುತ್ತದೆ. ಮೊದಲನೆಯದು, ಮಗನ ಕೋಪವೆಲ್ಲ ಬಳಿಕ ಬಂದ ದಂಡಿನ ಮೇಲಿದೆ. ಅವರು ಸದುದ್ದೇಶದವರೇ ಆದರೂ ಸೋಮಾರಿ ಕುತೂಹಲದ ಒರಟು ಜನ. ತಂದೆಯೂ ತಾನೂ ಸೂಕ್ಷ್ಮಜ್ಞರು. ಆದರೆ ಬಂಡೆಯಿಂದ ಕಿತ್ತುಬಂದ ಅನಿಮೋನಿಗೆ ಕಿತ್ತವನು ಪಂಡಿತನೋ ಪಾಮರನೋ ಎಂಬ ಭೇದವಿದೆಯೇ? ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಮಗನು ಅಳುವುದು ಕಳೆದುಹೋದ ಚೆಲುವಿಗಾಗಿ. ಸತ್ತ ಜೀವಿಗಳಿಗಾಗಿ ಅವನು ಒಂದು ಸಾಲನ್ನೂ ಪ್ರತ್ಯೇಕವಾಗಿ ಮೀಸಲಿಟ್ಟಿಲ್ಲ. ತಂದೆಗೆ ಅವು ದೇವರ ಮಹಿಮೆಯ ದೃಷ್ಟಾಂತಗಳು, ಮಗನಿಗೆ ಬಾಲ್ಯದ ಮಾಯಾಲೋಕದ ಚಿತ್ರಗಳು. ತನಗಾಗಿ ಬದುಕುತ್ತಿದ್ದ ಜೀವವಾಗಿ ಅನಿಮೋನ್ ಈ ಎರಡೂ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ತ್ರಿವಿಧ ವಿವೇಚನೆ ಇಲ್ಲಿ ವಿಮರ್ಶೆಯ ಅಳತೆಗೋಲಾಗಬಲ್ಲದು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು ಇವು ಮೂರೂ ಕರ್ತೃವಿನ ಲೆಕ್ಕಕ್ಕೇ ಸೇರುತ್ತವೆ. ಲೇಖಕನ ಪಾಲಿಗೆ ಕೃತ ಅಲ್ಪ, ಕಾರಿತ ಅಪಾರ. ಅವನ ಲೇಖನಿ ಅವನು ಮಲಗಿರುವಾಗಲೂ ಕೆಲಸ ಮಾಡುತ್ತಿರುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ. ಬಂಡೆಗೆ ಅಂಟಿಕೊಂಡೇ ಇರುವ ಜೀವಿಗೆ ಬಂಧವೆಲ್ಲಿಯದು ಎಂದು ಕೇಳಬಹುದು. ತಾನು ಚಲಿಸದ ಜೀವಿಗಾಗಿ ಕಡಲೇ ಚಲಿಸುತ್ತದೆ: ಉಬ್ಬರ ಅದಕ್ಕೆ ಆಹಾರವನ್ನು ತರುತ್ತದೆ, ಪ್ರವಾಹ ಅದರ ಸಂತಾನವನ್ನು ದೂರಕ್ಕೆ ಒಯ್ಯುತ್ತದೆ. ಆ ಕಡಲನ್ನು ಕಳಚಿಹಾಕುವುದೇ ಅದಕ್ಕೆ ಬಂಧ.

ಇದು ಹಳೆಯ ಇಂಗ್ಲೆಂಡಿನ ಕಥೆಯೆಂದು ಮುಗಿಸುವಂತಿಲ್ಲ. ಇಂದಿನ ಹವಳದ ತೊಟ್ಟಿ ಗಾಸನ ಜಾಡಿಯ ವಂಶದ್ದೇ. ಲವಣವನ್ನು ಅಳೆದು ಬೆರೆಸಿದ ನೀರು, ಉಷ್ಣವನ್ನು ಹಿಡಿದಿಡುವ ಯಂತ್ರ, ಕಲ್ಮಶವನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್, ಹವಳದ ಮೈಯೊಳಗಿನ ಪಾಚಿಗೆ ಸೂರ್ಯನ ಬದಲಾಗಿ ದೀಪ, ಅಲೆಯ ಬದಲಾಗಿ ಪಂಪು. ಅಂದಿನ ಕೆಲಸದಾಕೆಯ ತೋಳುಗಳ ಕೆಲಸವನ್ನು ಇಂದು ವಿದ್ಯುತ್ತು ಮಾಡುತ್ತಿದೆ. ಅದು ಹಲವು ಗಂಟೆ ಕೈಕೊಟ್ಟರೆ ತೊಟ್ಟಿಯ ಸಂಸಾರವೇ ಅಳಿಯಬಹುದು. ಅದರಲ್ಲಿ ಈಜುವ ಕಡಲಮೀನುಗಳ ಬಹುಪಾಲು ತಳಿಗಳನ್ನು ಇಂದಿಗೂ ಸಮುದ್ರದಿಂದಲೇ ಹಿಡಿಯಲಾಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಸಯನೈಡ್ ದ್ರಾವಣವನ್ನು ಹವಳದ ಸಂದುಗಳಿಗೆ ಚಿಮ್ಮಿಸಿ, ಮಂಪರಾದ ಮೀನನ್ನು ಹಿಡಿಯುವ ಪದ್ಧತಿ ತೊಡಗಿತು. ಅದರಿಂದ ಮೀನಿನೊಡನೆ ಹವಳವೂ ಸಾಯುತ್ತದೆ.

ಡೆವನ್ನಿನ ಹೊಂಡಗಳ ಕಥೆ ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಮರುಕಳಿಸಿದೆ. ಅಲ್ಲಿನ ಬಂಗ್ಗಾಯ್ ಕಾರ್ಡಿನಲ್ ಎಂಬ ಬೆಳ್ಳಿಮೈಯ, ಕಪ್ಪುಪಟ್ಟೆಗಳ ಪುಟ್ಟ ಮೀನನ್ನು ವಿಜ್ಞಾನ ಮರೆತೇಬಿಟ್ಟಿತ್ತು. 1994ರಲ್ಲಿ ಅದು ಮತ್ತೆ ಸಂಶೋಧಕರ ಕಣ್ಣಿಗೆ ಬಿದ್ದಿತು, ಚಿತ್ರಗಳು ಪ್ರಕಟವಾದವು, ಹವ್ಯಾಸಿಗಳು ಮನಸೋತರು. ಕೆಲವೇ ವರ್ಷಗಳಲ್ಲಿ ಅವುಗಳನ್ನು ವರ್ಷಕ್ಕೆ ಲಕ್ಷಗಟ್ಟಲೆ ಹಿಡಿಯತೊಡಗಿದರು. ಈ ಮೀನಿನ ಗಂಡು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲವಾದ್ದರಿಂದ ಬರಿದಾದ ಜಾಗಕ್ಕೆ ಬೇರೆಡೆಯಿಂದ ಹೊಸ ಸಂತಾನ ಬರುವುದು ಕಷ್ಟ. 2007ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾಯಿತು. ಮೆಚ್ಚಿದವರ ಕಣ್ಣು ತಗುಲಿದ ಫಲ ಅದು.

ಎದುರು ಪಕ್ಷದ ಮಾತನ್ನೂ ಆಲಿಸುವುದು ಧರ್ಮ. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ತೀರದಿಂದ ತಂದ ಅನಿಮೋನ್ ಒಂದು, ತನ್ನನ್ನು ತಂದವನು 1851ರಲ್ಲಿ ತೀರಿಕೊಂಡ ಮೇಲೂ ಜಾಡಿಯಲ್ಲೇ ಬದುಕಿ, 1887ರಲ್ಲಿ ಸತ್ತಿತು. ಜನ ಅದನ್ನು ಪ್ರೀತಿಯಿಂದ ಅಜ್ಜಿಯೆಂದು ಕರೆದರು. ಇಂದು ಹವಳದ ತುಣುಕನ್ನು ಕತ್ತರಿಸಿ ನೆಟ್ಟು ತೊಟ್ಟಿಯಲ್ಲೇ ಬೆಳೆಸುತ್ತಾರೆ. ಕ್ಲೌನ್ ಮೀನುಗಳನ್ನು ಮರಿಮಾಡಿಸುತ್ತಾರೆ. ಬಂಗ್ಗಾಯ್ ಮೀನನ್ನೂ ಹಾಗೆ ಬೆಳೆಸುವವರಿದ್ದಾರೆ. ಇದರಿಂದ ಕಡಲಿನ ಹೊರೆ ತಗ್ಗುವುದು ನಿಜ, ಇದನ್ನು ಕಲಿತವರ ಶ್ರದ್ಧೆಯೂ ನಿಜ. ಬಿಸಿಯೇರುತ್ತಿರುವ ಸಮುದ್ರದಲ್ಲಿ ಹವಳಗಳು ಬೆಳ್ಳಗಾಗಿ ಸಾಯುತ್ತಿರುವಾಗ ಈ ವಿದ್ಯೆ ನೆರವಿಗೂ ಬಂದೀತು. ಆದರೆ ಉಳಿಸುವುದಕ್ಕಾಗಿ ಬೆಳೆಸುವವನೂ ಬೈಠಕ್ಕಿನ ಶೋಭೆಗಾಗಿ ಇಡುವವನೂ ಒಂದೇ ಅಲ್ಲ. ಅಜ್ಜಿಯ 59 ವರ್ಷಗಳನ್ನು ಒಬ್ಬನು ಆರೈಕೆಯ ದಾಖಲೆಯಾಗಿ ಓದಬಹುದು. ಇನ್ನೊಬ್ಬನು ಸೆರೆವಾಸದ ದಾಖಲೆಯಾಗಿ ಓದಬಹುದು. ಎರಡು ಓದೂ ಸತ್ಯವೇ. ಅವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲಾಗದವನು ತೊಟ್ಟಿಯನ್ನು ಕೊಳ್ಳದಿರುವುದು ಲೇಸು.

ನಮ್ಮ ದೇಶದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ದೊರೆತಿದೆ; ಅವುಗಳನ್ನು ಕಿತ್ತು ಮಾರುವುದು ಅಪರಾಧ. ಮೀನುಗಳ ವಿಷಯದಲ್ಲಿ ನಮ್ಮ ಅಂತಃಸಾಕ್ಷಿಯೇ ಹೆಚ್ಚಿನ ಕೆಲಸ ಮಾಡಬೇಕಾಗಿದೆ. ಇರುವೆಗೆ ಸಕ್ಕರೆ ಹಾಕುವ ಮನೆಯಲ್ಲೇ ಕಡಲಮೀನಿನ ತೊಟ್ಟಿಯೂ ಇದ್ದರೆ, ಆ ಮೀನಿಗೆ ಹಾಕುವ ಮಂಜುಗಟ್ಟಿದ ಸೀಗಡಿಯ ತುಣುಕು ಎಲ್ಲಿಂದ ಬಂತೆಂದು ಮನೆಯವರು ಒಮ್ಮೆಯಾದರೂ ಕೇಳಿಕೊಳ್ಳಬೇಕು.

'ದಿ ಅಕ್ವೇರಿಯಂ' ಓದಬಾರದ ಪುಸ್ತಕವಲ್ಲ. ಅದನ್ನು ಓದಿದವರು 'ಫಾದರ್ ಅಂಡ್ ಸನ್'ನ ಆ ಪುಟಗಳನ್ನೂ ಓದಲೇಬೇಕು. ತಂದೆಯಿಂದ ನೋಡುವುದನ್ನು ಕಲಿಯಬಹುದು, ಮಗನಿಂದ ಪಶ್ಚಾತ್ತಾಪವನ್ನು ಕಲಿಯಬಹುದು. ಇಬ್ಬರೂ ಕಲಿಸದೆ ಬಿಟ್ಟ ಪಾಠವೊಂದಿದೆ: ಹೊಂಡದ ಮುಂದೆ ಮೊಣಕಾಲೂರಿ ಕುಳಿತು, ಕಣ್ತುಂಬ ನೋಡಿ, ಉಬ್ಬರ ಬರುವ ಹೊತ್ತಿಗೆ ಬರಿಗೈಯಲ್ಲಿ ಎದ್ದು ಬರುವುದು. ಅದನ್ನು ನಾವೇ ಕಲಿಯಬೇಕಾಗಿದೆ.