ಮೈನಾಸುಂದರಿಯ ಕಥೆ ಮತ್ತು ಎರಡನೆಯ ನಿರ್ಯಾಪಕ

ಅಷ್ಟಾಹ್ನಿಕ ಪರ್ವದಲ್ಲಿ ಸಿದ್ಧಚಕ್ರದ ಆರಾಧನೆ ನಡೆಯುವ ಬಸದಿಗಳಲ್ಲಿ ಶ್ರೀಪಾಲ ಮತ್ತು ಮೈನಾಸುಂದರಿಯರ ಕಥೆಯನ್ನು ಹೇಳುವುದು ವಾಡಿಕೆ. ಕನ್ನಡದಲ್ಲಿ 16ನೆಯ ಶತಮಾನದ ಮೂರನೆಯ ಮಂಗರಸನು ಇದನ್ನು ‘ಶ್ರೀಪಾಲಚರಿತೆ’ಯಾಗಿ ರಚಿಸಿದ್ದಾನೆ. ಉಜ್ಜಯಿನಿಯ ಅರಸನ ಮಗಳು ಕುಷ್ಠರೋಗಿಯಾದ ಶ್ರೀಪಾಲನ ಕೈಹಿಡಿಯುತ್ತಾಳೆ; ಸಿದ್ಧಚಕ್ರವನ್ನು ಪೂಜಿಸಿ ಗಂಧೋದಕವನ್ನು ಪ್ರೋಕ್ಷಿಸಿದಾಗ ಪತಿಯೂ ಅವನ 700 ಮಂದಿ ಸಂಗಡಿಗರೂ ರೋಗಮುಕ್ತರಾಗುತ್ತಾರೆ. ರೋಗಿಯಾದ ಸಂಗಾತಿಯ ಬಳಿ ನಿಲ್ಲುವುದು ಹೇಗೆಂಬುದಕ್ಕೆ ಅನೇಕ ಜೈನ ಕುಟುಂಬಗಳಲ್ಲಿ ಇಂದಿಗೂ ಇದೇ ಮಾದರಿ. ಆದರೆ ಪತಿಯ ಕ್ಯಾನ್ಸರ್ ಯಕೃತ್ತಿಗೂ ಮೂಳೆಗಳಿಗೂ ಹರಡಿ, ಇನ್ನು ಗುಣಪಡಿಸುವ ಚಿಕಿತ್ಸೆಯಿಲ್ಲವೆಂದು ವೈದ್ಯರಿಂದ ಕೇಳಿಬಂದ ಗೃಹಿಣಿಯು ಅದೇ ಸಭೆಯಲ್ಲಿ ಕುಳಿತಿದ್ದರೆ ಅವಳ ಕಿವಿಗೆ ಈ ಕಥೆ ಏನನ್ನು ಹೇಳುತ್ತದೆ?

ಸಾಂತ್ವನ ಹೇಳಲು ಬಂದ ಬಂಧುಗಳು ವಿಧಾನ ಮಾಡಿಸಿದಿರಾ, ನಿಯಮ ತಪ್ಪಲಿಲ್ಲವಷ್ಟೆ ಎಂದು ಕೇಳುವುದುಂಟು. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ರೋಗ ಗುಣವಾಗದಿದ್ದಾಗ ಆ ಪ್ರಶ್ನೆಯ ಶೇಷವು ಪತ್ನಿಯ ಖಾತೆಗೆ ಜಮೆಯಾಗುತ್ತದೆ: ಶ್ರದ್ಧೆ ಸಾಲಲಿಲ್ಲವೇನೋ. ಇಂತಹ ಓದು ಕಥೆಯ ಮೊದಲ ಭಾಗವನ್ನೇ ಮರೆತ ಓದು. ಮೈನಾಸುಂದರಿಯು ಕುಷ್ಠರೋಗಿಗೆ ಪತ್ನಿಯಾದದ್ದು ಯಾವ ಕಾರಣಕ್ಕೆ? ತನ್ನ ಸುಖದುಃಖಗಳು ತಂದೆಯ ಕೃಪೆಯಿಂದ ಬಂದವಲ್ಲ, ಅವರವರ ಕರ್ಮದ ಫಲ ಅವರವರದು ಎಂದು ರಾಜಸಭೆಯಲ್ಲಿ ನುಡಿದು ತಂದೆಯ ಕೋಪಕ್ಕೆ ಪಾತ್ರಳಾದುದರಿಂದ. ಪತಿಯ ಅಸಾತಾವೇದನೀಯ ಕರ್ಮದ ಉದಯಕ್ಕೆ ಪತ್ನಿಯ ಪೂಜೆಯ ಲೋಪವೇ ಹೊಣೆ ಎನ್ನುವವರು ಈ ವಾದದಲ್ಲಿ ಮಗಳ ಪಕ್ಷವನ್ನು ಬಿಟ್ಟು ಕುಪಿತನಾದ ತಂದೆಯ ಪಕ್ಷವನ್ನು ಹಿಡಿದಂತಾಯಿತು. ಮದುವೆಯ ದಿನ ಮೈನಾಸುಂದರಿಯ ಕೈಯಲ್ಲಿ ಗುಣವಾಗುವ ಭರವಸೆಯೇನೂ ಇರಲಿಲ್ಲ; ಇದ್ದದ್ದು ರೋಗಿಯಾದ ಪತಿ ಮಾತ್ರ. ಪ್ರವಚನಕಾರರು ಈ ಭಾಗದಲ್ಲಿ ಇನ್ನಷ್ಟು ನಿಲ್ಲಬಹುದಾಗಿತ್ತು.

ಶ್ರೀಪಾಲಚರಿತೆಯಲ್ಲಿ ರೋಗ ವಾಸಿಯಾಗುತ್ತದೆ. ವಾಸಿಯಾಗದ ದೇಹದ ಕಥೆಗಳು ಬೇಕೆಂದರೆ ಕನ್ನಡ ಓದುಗನು ‘ವಡ್ಡಾರಾಧನೆ’ಗೆ ಹೋಗಬೇಕು. ಅದರ 19 ಕಥೆಗಳು ಉಪಸರ್ಗ ಪರೀಷಹಗಳನ್ನು ಸಹಿಸಿದವರ ಸ್ಥೈರ್ಯವನ್ನು ವರ್ಣಿಸುತ್ತವೆ. ಗದ್ಯದ ಸೊಗಸಿಗೆ ಎರಡನೆಯ ಮಾತಿಲ್ಲ. ಆದರೆ ಈ ಕಥೆಗಳಲ್ಲಿ ಸಹಿಸುವವನ ಪಕ್ಕದಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಇದಕ್ಕೆ ದೊಡ್ಡ ಅಪವಾದ ಭದ್ರಬಾಹು ಭಟಾರರ ಕಥೆ. ಸಂಘವನ್ನು ಮುಂದೆ ಕಳುಹಿಸಿ ಭಟಾರರು ಕಳ್ವಪ್ಪುವಿನಲ್ಲಿ ಉಳಿದಾಗ ಚಂದ್ರಗುಪ್ತ ಮುನಿಯೊಬ್ಬನೇ ಶುಶ್ರೂಷೆಗೆ ನಿಲ್ಲುತ್ತಾನೆ. ಶ್ರವಣಬೆಳಗೊಳದ ಚಂದ್ರಗಿರಿಗೆ ಆ ಹೆಸರು ಬಂದುದು ಗುರುವಿನಿಂದಲ್ಲ, ಈ ಸೇವಕನಿಂದ ಎಂಬುದು ಪರಂಪರೆ. ಇಲ್ಲಿ ಕಥೆಗಾರನಿಗೆ ಒಂದು ಲೌಕಿಕ ತೊಡಕು ಎದುರಾಗಿದೆ: ಊರಿಲ್ಲದ ಕಾಡಿನಲ್ಲಿ ಒಬ್ಬನೇ ಸೇವೆ ಮಾಡುವವನ ಊಟದ ಗತಿಯೇನು? ಅದನ್ನು ಬಿಡಿಸಲು ವನದೇವತೆಯನ್ನೇ ಕರೆತರಬೇಕಾಯಿತು. ಒಂಟಿ ಶುಶ್ರೂಷಕನು ಮಾನುಷ ವ್ಯವಸ್ಥೆಯಲ್ಲಿ ನಿಲ್ಲಲಾರನೆಂಬುದು ಹಿಂದಿನವರಿಗೆ ತಿಳಿದಿತ್ತು.

ತಿಳಿದಿತ್ತೆಂಬುದಕ್ಕೆ ಸ್ಪಷ್ಟವಾದ ಆಧಾರವು ಶಿವಾರ್ಯರ ‘ಭಗವತೀ ಆರಾಧನೆ’ಯಲ್ಲಿದೆ. ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಪರಂಪರೆ ಈ ಪ್ರಾಕೃತ ಗ್ರಂಥದ್ದೇ. ಕಥೆಗಳು ಮನೆಮನೆಗೆ ತಲುಪಿದವು, ಅವುಗಳ ಹಿಂದಿನ ಶಾಸ್ತ್ರ ಪಂಡಿತರ ಬಳಿಯೇ ಉಳಿಯಿತು. ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕನಿಗೆ 48 ಮಂದಿ ನಿರ್ಯಾಪಕರಿರಬೇಕೆಂದು ಆ ಗ್ರಂಥದ ವಿಧಿ. ನಾಲ್ವರು ನಾಲ್ವರಂತೆ ಕೆಲಸ ಹಂಚಿಕೆಯಾಗಿದೆ. ನಾಲ್ವರು ಏಳಿಸಿ ಕೂರಿಸಿ ಮಗ್ಗುಲು ಬದಲಿಸುವವರು. ನಾಲ್ವರು ಧರ್ಮಕಥೆ ಹೇಳುವವರು. ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು. ಮಲಮೂತ್ರ ತೆಗೆದು ಹಾಸಿಗೆ ಶುಚಿ ಮಾಡಲು ನಾಲ್ವರು. ರಾತ್ರಿ ನಿದ್ರಿಸದೆ ಕಾಯಲು ನಾಲ್ವರು. ಬಂದವರ ಗದ್ದಲ ಒಳಗೆ ತಲುಪದಂತೆ ಬಾಗಿಲಲ್ಲಿ ನಿಲ್ಲಲೂ ನಾಲ್ವರು. (ಈ ಕೊನೆಯ ನಾಲ್ವರು ಇಂದಿನ ರೋಗಿಗಳ ಮನೆಗೆ ತುರ್ತಾಗಿ ಬೇಕಾದವರು.) ಕಾಲ ವಿಷಮವಾದರೆ ಈ ಸಂಖ್ಯೆ ನಾಲ್ಕು ನಾಲ್ಕಾಗಿ ಇಳಿಯಬಹುದು, ಕಡೆಗೆ ಇಬ್ಬರಿಗೆ ಬರಬಹುದು. ಇಬ್ಬರಿಗಿಂತ ಕೆಳಗೆ ಇಳಿಯಲು ಶಿವಾರ್ಯರು ಒಪ್ಪುವುದಿಲ್ಲ. ಒಬ್ಬನೇ ಆದರೆ ತನ್ನ ದೇಹವನ್ನು ನೋಡಿಕೊಳ್ಳಲು ಹೋದಾಗ ಕ್ಷಪಕನು ಅನಾಥ, ಹೋಗದಿದ್ದರೆ ತಾನೇ ನಾಶ, ಎರಡರಿಂದಲೂ ಧರ್ಮಕ್ಕೆ ಅಪವಾದ ಎಂಬುದು ಅವರ ತರ್ಕ.

ಇದು ಮುನಿಗಳ ಸಮಾಧಿಗೆ ಹೇಳಿದ ವಿಧಿ, ಗೃಹಸ್ಥನ ಕಾಯಿಲೆಗೆ ಹೇಗೆ ಅನ್ವಯ ಎಂಬ ಆಕ್ಷೇಪ ನ್ಯಾಯವಾದದ್ದೇ. ತತ್ತ್ವಾರ್ಥಸೂತ್ರವು ವೈಯಾವೃತ್ತ್ಯವನ್ನು ಆಭ್ಯಂತರ ತಪಸ್ಸಿನಲ್ಲಿ ಸೇರಿಸಿ, ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ಗ್ಲಾನನನ್ನು, ಎಂದರೆ ರೋಗಪೀಡಿತನನ್ನು, ಹೆಸರಿಸುವಾಗಲೂ ಮುನಿಸಂಘವೇ ಅದರ ದೃಷ್ಟಿಯಲ್ಲಿದೆ. ಪತಿಪತ್ನಿಯರ ಶುಶ್ರೂಷೆಗೆ ಅಲ್ಲಿ ನೇರವಾದ ವಿಧಿಯನ್ನು ಹುಡುಕುವುದು ವ್ಯರ್ಥ. ಆದರೆ ಶಿವಾರ್ಯರ ತರ್ಕವು ದೀಕ್ಷೆಯನ್ನು ಅವಲಂಬಿಸಿಲ್ಲ. ಹಸಿವು, ನಿದ್ರೆ, ಆಯಾಸಗಳನ್ನು ಅವಲಂಬಿಸಿದೆ. ಸರ್ವಸಂಗ ಪರಿತ್ಯಾಗಿಗೇ ಒಬ್ಬನಿಂದ ಆಗದ ಕಾರ್ಯವನ್ನು ಅಡಿಗೆ, ಮಕ್ಕಳು, ಅಂಗಡಿಯ ಬಾಕಿ, ಆಸ್ಪತ್ರೆಯ ಬಿಲ್ಲುಗಳ ನಡುವೆ ಒಬ್ಬ ಗೃಹಿಣಿಯು ಮಾಡಲಿ ಎಂದು ಬಿಟ್ಟು, ಆಮೇಲೆ ಶ್ರದ್ಧಾಂಜಲಿ ಸಭೆಯಲ್ಲಿ ಅವಳನ್ನು ಮೈನಾಸುಂದರಿಗೆ ಹೋಲಿಸುವುದು ಅಗ್ಗದ ಪ್ರಶಂಸೆ. ಪಂಚಕಲ್ಯಾಣಕ್ಕೆ ತಿಂಗಳುಗಟ್ಟಲೆ ಮೊದಲೇ ಸ್ವಯಂಸೇವಕರ ಪಾಳಿಯನ್ನು ಬರೆದಿಡುವ ಟ್ರಸ್ಟುಗಳಿಗೆ ವಾರದಲ್ಲಿ ಎರಡು ರಾತ್ರಿಗಳ ಪಾಳಿ ಬರೆಯುವುದು ಅಸಾಧ್ಯವಲ್ಲ.

ರಾತ್ರಿಯ ವಿಷಯದಲ್ಲಿ ಇನ್ನೊಂದು ಮಾತು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯನ್ನು ನೋವು ಬಂದಾಗ ಮಾತ್ರವಲ್ಲದೆ, ನೋವು ಮರಳದಂತೆ ಗಂಟೆ ತಪ್ಪದೆ ಕೊಡುವುದು ಕ್ರಮ. ಸೂರ್ಯಾಸ್ತದ ಬಳಿಕ ಏನನ್ನೂ ಸೇವಿಸದ ನಿಯಮವುಳ್ಳ ರೋಗಿಯು ಅದನ್ನು ನಿರಾಕರಿಸಿದಾಗ ಪತ್ನಿಯು ನಡುರಾತ್ರಿಯಲ್ಲಿ ಒಬ್ಬಳೇ ಧರ್ಮಸಂಕಟಕ್ಕೆ ಸಿಲುಕುತ್ತಾಳೆ. ಇದನ್ನು ಮೊದಲೇ ವೈದ್ಯರೊಡನೆಯೂ ವ್ರತ ಕೊಟ್ಟ ಗುರುಗಳೊಡನೆಯೂ ಮಾತನಾಡಿ ಇತ್ಯರ್ಥ ಮಾಡಿಕೊಳ್ಳಬೇಕಾದವರು ಹಿರಿಯರು. ಗುಣವಾಗದ ಹಂತದ ಆರೈಕೆಗೆಂದೇ ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನವೂ, ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಟ್ರಸ್ಟಿನ ಕರುಣಾಶ್ರಯವೂ ಆರಂಭವಾದವು; ಕರುಣಾಶ್ರಯದಲ್ಲಿ ಸೇವೆ ಉಚಿತ. ಅಂತಹ ಕಡೆ ಸೇರಿಸುವುದು ಕೈಬಿಟ್ಟಂತೆ ಎಂಬ ಭಾವನೆ ಇನ್ನೂ ಇದೆ. ನಿರ್ಯಾಪಕರ ಸಂಖ್ಯೆ ಹೆಚ್ಚಿದಂತೆ ಎಂದು ಎಣಿಸಿದರೆ ಶಾಸ್ತ್ರಕ್ಕೆ ಹೆಚ್ಚು ಹತ್ತಿರ.

ಸಲ್ಲೇಖನದ ಮಾತನ್ನೂ ಕೆಲವರು ಈ ಹಂತದಲ್ಲಿ ಅವಸರದಿಂದ ಎತ್ತುತ್ತಾರೆ. ಅದು ರೋಗಿಯ ಸ್ವಂತ ಸಂಕಲ್ಪ, ಗುರುವಿನ ಅನುಮತಿಯ ವಿಷಯ. ದಣಿದ ಸಂಗಾತಿಯ ಬಾಯಿಂದ ಹೊರಡಿಸಬೇಕಾದ ಸಲಹೆಯಲ್ಲ. ಭಸ್ಮಕ ವ್ಯಾಧಿಯಿಂದ ನರಳಿದ ಸಮಂತಭದ್ರರು ಸ್ವತಃ ಬೇಡಿದಾಗಲೂ ಗುರುಗಳು ಒಪ್ಪದೆ, ಮೊದಲು ರೋಗಶಮನ ಮಾಡಿಕೊಳ್ಳುವಂತೆ ಕಳುಹಿಸಿದರೆಂದು ಐತಿಹ್ಯ.

ಇಷ್ಟರಲ್ಲಿ ಬಂದ ಮಾತೆಲ್ಲ ಪತ್ನಿಯದೇ ಆಯಿತು. ರೋಗಿಯು ಪತ್ನಿಯಾಗಿ, ಹಾಸಿಗೆಯ ಬಳಿ ಕುಳಿತವನು ಪತಿಯಾದರೆ ಅವನಿಗೆ ಕಥೆಯುಂಟೆ? ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ರಾಜನನ್ನು ಹೆಸರಿಸಿದ್ದಾರೆ. ಅಲ್ಲಿಯೂ ರೋಗಿ ಪತ್ನಿಯಲ್ಲ. ಪರೀಕ್ಷಿಸಲೆಂದು ಕುಷ್ಠಪೀಡಿತ ಮುನಿಯ ವೇಷದಲ್ಲಿ ಬಂದ ದೇವನು. ಉಂಡ ಆಹಾರವನ್ನೆಲ್ಲ ಅವನು ದೊರೆಯ ಮೇಲೆಯೂ ರಾಣಿ ಪ್ರಭಾವತಿಯ ಮೇಲೆಯೂ ವಾಂತಿ ಮಾಡಿದಾಗ, ಪರಿಜನರು ಓಡಿಹೋದರು; ಕೊಟ್ಟ ಆಹಾರ ಒಗ್ಗಲಿಲ್ಲವೇನೋ ಎಂದು ಮರುಗಿದ ಅರಸನು ತನ್ನ ಕೈಯಿಂದಲೇ ನೀರು ಹಾಕಿ ತೊಳೆದನು. ಪ್ರವಚನಗಳಲ್ಲಿ ಈ ಕಥೆ ಬಂದಾಗ ದೇವನು ನಿಜರೂಪ ತೋರಿ ಹೊಗಳಿದ ಪ್ರಸಂಗಕ್ಕೇ ಸಾಮಾನ್ಯವಾಗಿ ಹೆಚ್ಚು ಹೊತ್ತು ಸಲ್ಲುತ್ತದೆ. ನೀರು ಹಾಕಿ ತೊಳೆದದ್ದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.